ಹನ್ನೆರಡನೆಯ ಹಾಳೆ

ಮೂತಾ ಘಾಟಿಯ ನೆತ್ತಿಯಲ್ಲಿ ನಿಂತು ಕೂಗಿದರೆ ಮಾರ್ದನಿ ಬರುವುದಿಲ್ಲ. ದಾರಿಯ ಎರಡೂ ಬದಿಗೆ ಬಂಡೆಗೋಡೆಗಳಿವೆ, ಆದರೂ ಕೂಗು ಹೋದದ್ದು ಹೋದ ಹಾಗೆಯೇ. ಮೂತಾ ಎಂದರೆ ಅಲ್ಲಿಯವರ ಮಾತಿನಲ್ಲಿ ಮೂಕಿ. ಹೆಸರಿಟ್ಟವರು ದನಗಾಹಿಗಳಿರಬೇಕು.

ಚೆಲ್ಸೊ ನೆತ್ತಿ ಮುಟ್ಟಿದಾಗ ಮಧ್ಯಾಹ್ನ ಎರಡು ದಾಟಿತ್ತು. ಸೆಪ್ಟೆಂಬರಿನ ಕೊನೆ. ದನಗಳು ಬಯಲಿಗೆ ಇಳಿದು ವಾರವಾಗಿದ್ದರಿಂದ ಗಂಟೆಯ ಸದ್ದೂ ಇರಲಿಲ್ಲ. ಸೈಕಲ್ಲನ್ನು ಗಡಿಕಲ್ಲಿಗೆ ಒರಗಿಸಿ, ಹ್ಯಾಂಡಲಿನ ಚೀಲದಿಂದ ಪತ್ರಿಕೆಯ ಹಾಳೆಗಳನ್ನು ತೆಗೆದ. ಹನ್ನೆರಡು. ಪ್ರತಿಯೊಂದರ ಮೂಲೆಯಲ್ಲೂ ಬೆಳಿಗ್ಗೆ ತಾನೇ ಪೆನ್ಸಿಲಿನಲ್ಲಿ ಬರೆದ ಅಂಕಿ. ಇನ್ನೊಂದು, ಅಂಕಿಯಿಲ್ಲದ ಹಾಳೆ, ಆಗಲೇ ಅವನ ಅಂಗಿಯೊಳಗೆ ಎದೆಗೆ ಅಂಟಿಕೊಂಡಿತ್ತು.

ಅವರ ಸೈಕಲ್ ಬಳಗದಲ್ಲಿ ಇದು ಅಜ್ಜಂದಿರ ಕಾಲದಿಂದ ಬಂದ ಪದ್ಧತಿ. ಒಬ್ಬ ಎಲ್ಲರಿಗಿಂತ ಮೊದಲು ಘಾಟಿ ಹತ್ತಿ ನೆತ್ತಿಯಲ್ಲಿ ಕಾಯಬೇಕು. ಹತ್ತಿ ಬಂದವರ ಮೈ ಬೆವರಿನಲ್ಲಿ ತೊಯ್ದಿರುತ್ತದೆ. ಹಾಗೆಯೇ ಇಳಿದರೆ ಗಾಳಿ ಎದೆಯನ್ನು ಸೆಟೆಸಿಬಿಡುತ್ತದೆ. ಅದಕ್ಕೆ ಒಬ್ಬೊಬ್ಬರಿಗೂ ಅವತ್ತಿನ ಪತ್ರಿಕೆಯ ಒಂದೊಂದು ಹಾಳೆ, ಅಂಗಿಯೊಳಗೆ ಇಟ್ಟುಕೊಳ್ಳಲು. ಎಷ್ಟು ಜನವೋ ಅಷ್ಟೇ ಹಾಳೆ. ಆಚೆ ಬದಿಯ ತಪ್ಪಲಿನ ಹೋಟೆಲಿನಲ್ಲಿ ಹಾಳೆಗಳನ್ನು ಒಟ್ಟುಗೂಡಿಸಿ, ಅಂಕಿ ಸರಿಯಾಗಿದೆಯೇ ನೋಡಿ, ಒಲೆಗೆ ಹಾಕುತ್ತಾರೆ. ಹಾಳೆ ಮುಗಿದ ಮೇಲೆ ನೆತ್ತಿಯವನು ಹತ್ತಿಬಂದ ದಾರಿಯ ಕಡೆ ತಿರುಗಿ ‘ಯಾರು ಬಾಕಿ?’ ಎಂದು ಮೂರು ಸಲ ಕೂಗಬೇಕು. ಯಾರೂ ಓಗೊಡದಿದ್ದರೆ ಎಲ್ಲರಿಗಿಂತ ಕೊನೆಗೆ ತಾನು ಇಳಿಯಬೇಕು.

ಚೆಲ್ಸೊ ಈ ಕೆಲಸ ಬಿಟ್ಟು ಹತ್ತು ವರ್ಷವಾಗಿತ್ತು. ಮತ್ತೆ ಒಪ್ಪಿಕೊಂಡದ್ದು ಎರ್ಮೆಲಿನಾಳಿಂದಾಗಿ.

ಹೋದ ವಾರ ಅವಳು ಬೇಕರಿಯಿಂದ ನೇರವಾಗಿ, ತೋಳಿಗೆ ಹಿಟ್ಟು ಮೆತ್ತಿಕೊಂಡೇ, ಬಳಗದವರು ಕೂರುವ ಕಾಫಿ ಅಂಗಡಿಗೆ ಬಂದಿದ್ದಳು.

“ಈ ಸಲ ಮೂತಾ ಘಾಟಿಗೆ ನಾನೂ ಬರ್ತೀನಿ.”

“ಕಾರಲ್ಲಾ?” ಎಂದ ಗೌದೆನ್ಸಿಯೊ. ಬಳಗದಲ್ಲಿ ಅವನಷ್ಟು ದಪ್ಪಗಿದ್ದವರೂ ಇಲ್ಲ, ಅವನಷ್ಟು ಮಾತಾಡುವವರೂ ಇಲ್ಲ.

“ಸೈಕಲ್ಲಲ್ಲಿ ಕಣೋ. ನಿನ್ನ ಹೊಟ್ಟೆ ಹತ್ತೋ ಘಾಟೀನ ನನ್ನ ಮಂಡಿ ಹತ್ತಲ್ವಾ?”

ಎಲ್ಲರೂ ನಕ್ಕರು. ಅವಳು ಮಾತ್ರ ನಗದೆ ಚೆಲ್ಸೊನ ಕಡೆ ತಿರುಗಿದಳು. “ಹಾಳೆ ಕೊಡೋಕೆ ನೀನೇ ನಿಲ್ಬೇಕು.”

“ನಂಗೀಗ ಅರವತ್ತೊಂದು, ಎರ್ಮೆಲಿನಾ. ಎಲ್ಲರಿಗಿಂತ ಮೊದಲು ಹೆಂಗೆ ಹತ್ತಲಿ?”

“ಒಂದು ಗಂಟೆ ಮುಂಚೆ ಹೊರಡು. ಒಲಿಂದೊ ಕೈಗೆ ಕಡೇ ಸಲ ಏನಾದ್ರೂ ಕೊಟ್ಟೋನು ನೀನು. ನಂಗೂ ನೀನೇ ಕೊಡು.”

ಚೆಲ್ಸೊ ಹೂಂ ಎಂದ.

ಒಲಿಂದೊ ಅವಳ ಗಂಡ. ಹತ್ತು ವರ್ಷದ ಹಿಂದೆ ಇದೇ ಘಾಟಿಯ ಇಳಿಜಾರಿನಲ್ಲಿ, ನಾಲ್ಕನೆಯ ತಿರುವಿನಿಂದ ಕೆಳಕ್ಕೆ ಬಿದ್ದು ಸತ್ತ. ಹೋಟೆಲಿನಲ್ಲಿ ಊಟದ ತಟ್ಟೆ ಒಂದು ಹೆಚ್ಚಾಗಿ ಉಳಿದಾಗಲೇ ಅವನು ಬಂದಿಲ್ಲವೆಂದು ಎಲ್ಲರಿಗೂ ಗೊತ್ತಾದದ್ದು. ದೇಹ ಸಿಕ್ಕಿದ್ದು ಮಾರನೆಯ ಬೆಳಿಗ್ಗೆ. ಅವನ ಅಂಗಿಯೊಳಗೆ ಪತ್ರಿಕೆಯ ಹಾಳೆಯಿತ್ತು. ಮೂಲೆಯಲ್ಲಿ ಚೆಲ್ಸೊನ ಕೈಬರಹದ ಹದಿನಾಲ್ಕು. ಅವತ್ತಿನ ಕೊನೆಯ ಅಂಕಿ.

ಹಾಳೆ ಎದೆಯ ಮೇಲಿದೆ ಎಂದರೆ ಅವನು ನೆತ್ತಿ ದಾಟಿದ್ದ, ಚೆಲ್ಸೊನಿಗಿಂತ ಮುಂದೆಯೇ ಇಳಿದಿದ್ದ. ಪೊಲೀಸರೂ ಹಾಗೆಂದರು, ಬಳಗವೂ ಹಾಗೆಂದಿತು. ಯಾರ ತಪ್ಪೂ ಅಲ್ಲ. ಮಣ್ಣು ಮಾಡಿದ ದಿನ ಎರ್ಮೆಲಿನಾ ಚೆಲ್ಸೊನ ಕೈ ಹಿಡಿದುಕೊಂಡು, “ಹಾಳೆ ತಗೊಂಡಾಗ ಏನಂದ?” ಎಂದು ಕೇಳಿದ್ದಳು.

“ಆಟದ ಪುಟ ಕೊಡೋ, ಸತ್ತೋರ ಪುಟ ಬೇಡ ಅಂದ,” ಎಂದಿದ್ದ ಚೆಲ್ಸೊ.

ಒಲಿಂದೊ ಪ್ರತಿವರ್ಷ ಹೇಳುತ್ತಿದ್ದ ಮಾತು ಅದು. ಅವಳು ಅಳುತ್ತಲೇ ನಕ್ಕಿದ್ದಳು. ಈಗಲೂ ಬ್ರೆಡ್ಡು ಕೊಳ್ಳಲು ಬಂದವರಿಗೆ ಅದನ್ನೇ ಹೇಳುತ್ತಿದ್ದಳು, ನಗುತ್ತಾ ಹೋದ ನನ್ನ ಗಂಡ ಎಂದು.

ಆದರೆ ಹದಿನಾಲ್ಕನೆಯ ಹಾಳೆ ತೆಗೆದುಕೊಂಡವನು ಯಾರೆಂದು ಚೆಲ್ಸೊನಿಗೆ ಗೊತ್ತಿರಲಿಲ್ಲ. ಮಂಜಿನಲ್ಲಿ ಬಂದ ಒಂದು ಆಕಾರ, ಮುಖ ಮುಚ್ಚಿದ ಮಳೆಯಂಗಿ, ಚಾಚಿದ ಕೈ. ಮಾತೇ ಆಡಿರಲಿಲ್ಲ. ಮಾತಾಡದೆ ಒಂದು ಲೋಟ ನೀರನ್ನೂ ತೆಗೆದುಕೊಳ್ಳುವವನಲ್ಲ ಒಲಿಂದೊ. ಈ ಅನುಮಾನ ಅವತ್ತೇ ಇತ್ತು. ಅಷ್ಟರಲ್ಲಿ ಮಂಜಿನೊಳಗಿಂದ ಒಲಿಂದೊನ ಸೈಕಲ್ಲಿನ ಹಿಂದಿನ ಗಾಲಿಯ ಫ್ರೀವೀಲ್ ಕೇಳಿಸಿತ್ತು. ಅದರ ಒಂದು ಕಚ್ಚು ಮುರಿದಿದ್ದರಿಂದ ಸದ್ದು ಕುಂಟುತ್ತಿತ್ತು: ಟಿಕ್ ಟಿಕ್ ಟಿಕ್, ಒಂದು ಬಿಟ್ಟು, ಮತ್ತೆ ಟಿಕ್ ಟಿಕ್ ಟಿಕ್. ಅವನ ಸೈಕಲ್ಲಿಗೆ ಹೃದಯದ ಕಾಯಿಲೆ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ತುಳಿಯುವಾಗ ಫ್ರೀವೀಲ್ ಸದ್ದು ಮಾಡುವುದಿಲ್ಲ. ಟಿಕ್ಕೆನ್ನುವುದು ತುಳಿಯದೆ ಇಳಿಯುವಾಗ. ಹಾಗಾದರೆ ಒಲಿಂದೊ ಇಳಿಯುತ್ತಿದ್ದಾನೆ, ದಾಟಿಯಾಯಿತು. ಸೈಕಲ್ಲಿನವನ ಕಿವಿ ಬೇರೇನನ್ನೂ ಯೋಚಿಸಲಿಲ್ಲ. ಮಂಜಿನಲ್ಲಿ ಸದ್ದು ಯಾವ ಕಡೆಯಿಂದ ಬಂತು ಎಂದು ಅವನು ತಿರುಗಿ ನೋಡಲಿಲ್ಲ. ಚಳಿಗೆ ಹಲ್ಲು ಕಟಕಟಿಸುತ್ತಿದ್ದವು. ‘ಯಾರು ಬಾಕಿ?’ ಎಂದು ಒಂದು ಸಲವೂ ಕೂಗದೆ ಇಳಿದುಬಿಟ್ಟಿದ್ದ.

ಮೂರು ಸಲ ಕೂಗಿದೆ ಎಂದು ಎಲ್ಲರಿಗೂ ಹೇಳಿದ್ದ.

ಇವತ್ತು ಬೆಳಿಗ್ಗೆ ಬಿಸಿಲಿತ್ತು. ಎರಡೂವರೆಗೆ ಮಂಜು ಕೆಳಗಿನಿಂದ ಏರತೊಡಗಿತು. ಮೊದಲು ಹತ್ತಿಬರುವ ದಾರಿಯ ಕೆಳಗಿನ ತಿರುವುಗಳು ಹೋದವು, ಆಮೇಲೆ ನೀರಿನ ತೊಟ್ಟಿ, ಆಮೇಲೆ ಹತ್ತು ಮಾರು ದೂರದ ಕಲ್ಲುಗೋಡೆ. ಎಲ್ಲೋ ಒಂದು ಮಾರ್ಮೊಟ್, ಬಿಲದಲ್ಲಿರುವ ಬೆಟ್ಟದ ಅಳಿಲು, ಸಿಳ್ಳು ಹಾಕಿ, ಅರ್ಧಕ್ಕೇ ನಿಲ್ಲಿಸಿತು.

ಮೊದಲ ಐದು ಜನ ಒಟ್ಟಿಗೇ ಬಂದರು. ಹಾಳೆ ತೆಗೆದುಕೊಂಡು, ಎದೆಗಿಟ್ಟುಕೊಂಡು ಆಚೆ ಬದಿಗೆ ಹೊರಳಿದರು. ಐದು ಫ್ರೀವೀಲುಗಳು ಚಿರ್ರೆಂದು ಮಂಜಿನಲ್ಲಿ ಕರಗಿದವು. ಒಂದು, ಎರಡು, ಮೂರು, ನಾಲ್ಕು, ಐದು. ಚೆಲ್ಸೊ ಬಾಯಲ್ಲೇ ಎಣಿಸಿದ. ಮತ್ತೆ ನಾಲ್ವರು. ಹತ್ತನೆಯವನು ಗೌದೆನ್ಸಿಯೊ.

“ಅಯ್ಯೋ ದೇವರೇ, ಈ ಘಾಟೀನ ವರ್ಷವರ್ಷ ಎತ್ತರ ಮಾಡ್ತಾರೇನೋ!”

“ಘಾಟಿ ಅಷ್ಟೇ ಇದೆ. ನೀನು ಅಗಲ ಆಗ್ತಿದ್ದೀಯ.”

“ನಂಗೆ ಎರಡು ಹಾಳೆ ಕೊಡು. ಈ ಎದೆಗೆ ಒಂದು ಎಲ್ಲಿ ಸಾಲತ್ತೆ?”

“ಒಂದೇ,” ಎಂದ ಚೆಲ್ಸೊ. ದನಿ ತಾನಂದುಕೊಂಡದ್ದಕ್ಕಿಂತ ಗಡುಸಾಗಿ ಬಂತು. ಗೌದೆನ್ಸಿಯೊನ ನಗು ಇಳಿಯಿತು. ಸುಮ್ಮನೆ ಹಾಳೆ ತೆಗೆದುಕೊಂಡು ಹೋದ.

ಹನ್ನೊಂದನೆಯವಳು ನೊಯೆಮಿ, ಪಂಪ್‌ಸೆಟ್ ರಿಪೇರಿ ಮಾಡುವ ಹುಡುಗಿ. ಊರಿನ ಹಿರಿಯರನ್ನೆಲ್ಲ ಬಾರ್ಬಾ, ಅಂದರೆ ಚಿಕ್ಕಪ್ಪ, ಎಂದೇ ಕರೆಯುತ್ತಿದ್ದಳು.

“ಬಾರ್ಬಾ, ಎರ್ಮೆಲಿನಾ ಒಬ್ರೇ ಹಿಂದೆ ಇರೋದು. ಜೊತೇಲಿ ನಿಲ್ತೀನಿ ಅಂದ್ರೆ ಬೈದು ಓಡಿಸಿದ್ರು. ನನ್ನ ಬೆನ್ನು ಕಾಯೋಕೆ ನಿನ್ನಮ್ಮ ನಿನ್ನ ಹೆತ್ತಿದ್ದಾ ಅಂತ.”

“ಬರ್ತಾಳೆ. ನೀನು ಇಳಿ. ಬ್ರೇಕು ನೋಡ್ಕೋ, ದಾರಿ ಒದ್ದೆ.”

ನೊಯೆಮಿಯ ಸದ್ದೂ ಹೋಯಿತು. ಚೆಲ್ಸೊನ ಕೈಯಲ್ಲಿ ಒಂದೇ ಹಾಳೆ ಉಳಿಯಿತು. ಅದನ್ನು ಕೊಡುವಾಗ ಏನಾದರೂ ಹೇಳಬೇಕೆಂದು ವಾರದಿಂದ ಯೋಚಿಸಿದ್ದ. ಆಟದ ಪುಟವನ್ನೇ ಅವಳಿಗೆಂದು ಕೊನೆಗಿಟ್ಟಿದ್ದ. ಈಗ ಅದು ನಾಚಿಕೆಗೇಡು ಅನ್ನಿಸಿತು.

ಮಂಜಿನಲ್ಲಿ ಒಂದು ಆಕಾರ ಮೂಡಿತು. ಸೈಕಲ್ಲಿನ ಮೇಲೆ ಬಗ್ಗಿದ್ದ ಮೈ, ತಲೆ ತುಂಬ ಮುಸುಕು. ನಿಲ್ಲಲಿಲ್ಲ, ಹತ್ತಿರ ಬಂದಾಗ ಕೈ ಮಾತ್ರ ಚಾಚಿತು. ಉಣ್ಣೆಯ ಕೈಗವಸು, ಬೆರಳ ತುದಿ ಸವೆದದ್ದು.

“ಎರ್ಮೆಲಿನಾ,” ಎಂದ ಚೆಲ್ಸೊ. ಹಾಳೆಯನ್ನು ಮುಂದೆ ಹಿಡಿದ.

ಕೈ ಹಾಳೆಯನ್ನು ತೆಗೆದುಕೊಂಡಿತು. ಆಕಾರ ಅವನನ್ನು ದಾಟಿ ಇಳಿಜಾರಿನ ಕಡೆ ಹೋಗಿ ಮಂಜಿನಲ್ಲಿ ಮುಚ್ಚಿಹೋಯಿತು.

ಅಳು ಬಂದಿರಬೇಕು, ಅದಕ್ಕೇ ಮಾತಾಡಲಿಲ್ಲ ಎಂದುಕೊಂಡ. ಒಳ್ಳೆಯದೇ ಆಯಿತು. ಹನ್ನೆರಡೂ ಮುಗಿಯಿತು. ಚೀಲದ ಬಾಯಿ ಕಟ್ಟತೊಡಗಿದ. ಕಟ್ಟುತ್ತಿದ್ದ ಕೈ ನಿಂತಿತು.

ಇಳಿಜಾರಿನಿಂದ ಟಿಕ್ ಸದ್ದೇ ಬಂದಿರಲಿಲ್ಲ.

ಉಸಿರು ಹಿಡಿದು ಕೇಳಿಸಿಕೊಂಡ. ತನ್ನ ಮಳೆಯಂಗಿಯ ಮುಸುಕಿನಿಂದ ಬೀಳುವ ಹನಿಯ ಸದ್ದು ಬಿಟ್ಟರೆ ಏನೂ ಇಲ್ಲ. ತುಳಿಯುತ್ತಾ ಯಾರೂ ಆ ಇಳಿಜಾರು ಇಳಿಯಲಾರರು. ನಡೆದು ಹೋದರೆ ಹೆಜ್ಜೆ ಕೇಳಬೇಕು.

ಆಗ ಕೇಳಿಸಿತು. ಟಿಕ್ ಟಿಕ್ ಟಿಕ್. ಒಂದು ಬಿಟ್ಟು, ಮತ್ತೆ ಟಿಕ್ ಟಿಕ್ ಟಿಕ್.

ಸದ್ದು ಬರುತ್ತಿದ್ದದ್ದು ಇಳಿಜಾರಿನಿಂದಲ್ಲ, ಹತ್ತಿಬರುವ ದಾರಿಯಿಂದ. ಏರಿನಲ್ಲಿ ಫ್ರೀವೀಲ್ ಟಿಕ್ಕೆನ್ನುವುದಿಲ್ಲ. ತುಳಿಯದೆ ಏರು ಏರುವ ಸೈಕಲ್ಲಿಲ್ಲ. ಆದರೂ ಅದು ಬರುತ್ತಿತ್ತು, ನಿಧಾನವಾಗಿ, ಅವಸರವೇ ಇಲ್ಲದೆ. ಹತ್ತು ವರ್ಷ ಕಾದದ್ದಕ್ಕೆ ಇನ್ನು ಅವಸರವೇಕೆ ಎಂಬ ಹಾಗೆ.

ಅವನಿಗೇ ತಿಳಿಯದೆ ಸೈಕಲ್ಲು ಕೈಗೆ ಬಂದಿತ್ತು. ಒಂದು ಕಾಲು ಪೆಡಲಿನ ಮೇಲೆ. ಹಾಳೆ ಮುಗಿದಿದೆ, ಹನ್ನೆರಡೂ ದಾಟಿವೆ, ನಾನು ಇಳಿಯಬಹುದು ಎಂದು ಒಳಗಿನ ಒಂದು ದನಿ ಹೇಳಿತು. ಅವನಿಗೆ ಪರಿಚಯವಿದ್ದ ದನಿ ಅದು. ಹತ್ತು ವರ್ಷದ ಹಿಂದೆಯೂ ಅದೇ ಹೇಳಿತ್ತು, ಇದೇ ಮಾತುಗಳಲ್ಲಿ.

ಕಾಲು ಕೆಳಗಿಟ್ಟ. ಏರಿನ ಕಡೆ ತಿರುಗಿದ.

“ಯಾರು ಬಾಕಿ?”

ಮಾತು ಬಾಯಿಂದ ಹೊರಬಿದ್ದದ್ದೇ ಇಲ್ಲವಾಯಿತು. ಟಿಕ್ ಸದ್ದು ನಿಂತಿತು. ನಿಂತು ಕೇಳಿಸಿಕೊಳ್ಳುತ್ತಿದ್ದಂತೆ.

“ಯಾರು ಬಾಕಿ?”

ಏನೂ ಇಲ್ಲ. ಮಂಜು ಅವನ ರೆಪ್ಪೆಯ ಮೇಲೆ ನೀರಾಗುತ್ತಿತ್ತು. ಮೂರನೆಯ ಸಲ ಕೂಗಿದಾಗ ಅದು ಕೂಗಿಗಿಂತ ಬೇಡಿಕೊಂಡಂತಿತ್ತು.

“ಯಾರು ಬಾಕಿ?”

“ನಾನು ಕಣೋ, ಇನ್ಯಾರು! ಎಷ್ಟು ಸಲ ಕೂಗ್ತೀಯ? ಓಗೊಡೋಕೆ ಉಸಿರು ಬೇಡ್ವಾ?”

ಎರ್ಮೆಲಿನಾ ಮಂಜಿನಿಂದ ಹೊರಗೆ ಬಂದಳು. ಮುಖ ಕೆಂಪಾಗಿತ್ತು, ಕೂದಲು ಹಣೆಗೆ ಅಂಟಿತ್ತು. ಸೈಕಲ್ಲಿನ ಮೇಲಿರಲಿಲ್ಲ. ಪಕ್ಕದಲ್ಲಿ ತಳ್ಳಿಕೊಂಡು ನಡೆದುಬರುತ್ತಿದ್ದಳು. ಒಂದೊಂದು ಹೆಜ್ಜೆಗೂ ಹಿಂದಿನ ಗಾಲಿ ಟಿಕ್ಕೆನ್ನುತ್ತಿತ್ತು.

“ಆ ಗಾಲಿ...” ಎಂದ ಚೆಲ್ಸೊ.

“ಒಲಿಂದೊದು. ನನ್ನ ಸೈಕಲ್ಲಿಗೆ ಹಾಕಿಸ್ದೆ. ಇದಾದ್ರೂ ಈ ಘಾಟಿ ಪೂರ್ತಿ ಇಳೀಲಿ ಅಂತ.” ಗಡಿಕಲ್ಲಿಗೆ ಬೆನ್ನು ಕೊಟ್ಟು ಸುಧಾರಿಸಿಕೊಂಡಳು. “ಕೊನೇ ಎರಡು ತಿರುವು ತುಳಿಯೋಕೇ ಆಗಲಿಲ್ಲ, ತಳ್ಕೊಂಡೇ ಬಂದೆ. ಅವನೂ ಇಲ್ಲಿ ತಳ್ತಾನೇ ಇದ್ದಿದ್ದು, ಗೊತ್ತಾ? ಕೊನೇ ವರ್ಷಗಳಲ್ಲಿ. ನಿಮ್ಮ ಕಣ್ಣಿಗೆ ಬೀಳಬಾರದು ಅಂತ ಬೇಕೂಂತ್ಲೇ ಹಿಂದೆ ಉಳೀತಿದ್ದ. ನೀವೆಲ್ಲ ಸೇರಿ ಆಡ್ಕೊಂಡು ಸಾಯಿಸ್ತೀರಲ್ಲ.”

ಚೆಲ್ಸೊನ ತಲೆಯೊಳಗೆ ಏನೋ ಮೆಲ್ಲಗೆ ತಿರುಗಿ ತನ್ನ ಜಾಗದಲ್ಲಿ ಕೂತಿತು. ತಳ್ಳಿಕೊಂಡು ನಡೆದರೂ ಫ್ರೀವೀಲ್ ಟಿಕ್ಕೆನ್ನುತ್ತದೆ. ಗ್ಯಾರೇಜಿನಿಂದ ಸೈಕಲ್ಲು ಹೊರತರುವಾಗ ದಿನಾ ಕೇಳುವ ಸದ್ದು. ಘಾಟಿಯ ಮೇಲೆ ಮಾತ್ರ ಅದು ಯಾರಿಗೂ ಹೊಳೆಯುವುದಿಲ್ಲ. ಘಾಟಿಯಲ್ಲಿ ತಳ್ಳಿದೆನೆಂದು ಯಾವ ಸೈಕಲ್ಲಿನವನೂ ಒಪ್ಪಿಕೊಳ್ಳುವುದಿಲ್ಲ. ಅವತ್ತು ಕೇಳಿದ ಸದ್ದು ಇಳಿಯುವವನದಲ್ಲ. ಒಲಿಂದೊ ಇನ್ನೂ ಕೆಳಗಿದ್ದ, ಎರಡು ತಿರುವಿನಾಚೆ, ತಳ್ಳಿಕೊಂಡು ಬರುತ್ತಿದ್ದ. ಒಂದು ಕೂಗು ಸಾಕಿತ್ತು.

ಆದರೆ ಹಾಳೆ? ಹದಿನಾಲ್ಕನೆಯ ಹಾಳೆ ಅವನ ಎದೆಯ ಮೇಲಿತ್ತಲ್ಲ. ಹತ್ತು ವರ್ಷ ಚೆಲ್ಸೊನನ್ನು ಕಾಪಾಡಿದ್ದು ಅದೊಂದೇ. ನೆತ್ತಿ ದಾಟದೆ ಹಾಳೆ ಸಿಗುವುದಿಲ್ಲ.

“ಇರು,” ಎಂದ. “ನಿಂಗೆ ಹಾಳೆ ಉಳಿದಿಲ್ಲ. ನನ್ನದೇ ತಗೋ.” ಅಂಗಿಯ ಜಿಪ್ಪಿಗೆ ಕೈ ಹಾಕಿದ.

“ನಂಗಿದೆಯಲ್ಲ?”

ಅವಳು ತನ್ನ ಅಂಗಿಯನ್ನು ತುಸು ಬಿಚ್ಚಿ ಮಡಿಸಿದ ಹಾಳೆಯ ಮೂಲೆ ತೋರಿಸಿದಳು. ಆಟದ ಪುಟ. ಮೂಲೆಯಲ್ಲಿ ಪೆನ್ಸಿಲಿನ ಹನ್ನೆರಡು.

“ಎಲ್ಲಿ ಸಿಕ್ತು?”

“ಎಲ್ಲಿ ಅಂದ್ರೆ? ನೀನೇ ಕಳಿಸಿದ್ದಲ್ವಾ? ಕೆಳಗೆ ಆ ನೀರಿನ ತೊಟ್ಟಿ ಹತ್ತಿರ ಒಬ್ಬ ನಿಂತಿದ್ದ, ಸೈಕಲ್ ಹಿಡ್ಕೊಂಡು. ಕೈ ಚಾಚಿ ಕೊಟ್ಟ. ಥ್ಯಾಂಕ್ಸ್ ಕಣಪ್ಪಾ ಅಂದ್ರೂ ಹೂಂ ಅನ್ನಲಿಲ್ಲ, ಗರ್ವದವನು. ಯಾರವನು, ಹೊಸಬನಾ?”

ಚೆಲ್ಸೊ ಇಳಿಜಾರಿನ ಕಡೆ ನೋಡಿದ. ಆಮೇಲೆ ಏರಿನ ಕಡೆ. ಆ ಆಕಾರ ಅವನನ್ನು ದಾಟಿ ಇಳಿಜಾರಿಗೆ ಹೋಗಿತ್ತು. ವಾಪಸು ಅವನ ಮುಂದೆ ಬಂದಿರಲಿಲ್ಲ. ಬೇರೆ ದಾರಿಯಿಲ್ಲ, ಎರಡೂ ಬದಿಗೆ ಬಂಡೆ. ಹದಿನಾಲ್ಕನೆಯ ಹಾಳೆಯೂ ಒಲಿಂದೊನ ಎದೆಗೆ ಹೀಗೆಯೇ ತಲುಪಿರಬೇಕು.

“ಕೈಗವಸು ಉಣ್ಣೇದಾ?”

“ಹೂಂ. ಬೆರಳ ತುದಿ ತೂತು. ಯಾಕೆ?”

ಎರ್ಮೆಲಿನಾ ಬುದ್ಧಿವಂತೆ. ಹಿಟ್ಟು ಹುದುಗಿದೆಯೋ ಇಲ್ಲವೋ ಎಂಬುದನ್ನು ಬೆರಳಲ್ಲೇ ತಿಳಿಯುವವಳು. ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ತನ್ನ ಎದೆಯ ಮೇಲಿನ ಹಾಳೆಯನ್ನು ನೋಡಿಕೊಂಡಳು. ತಾನು ಬಂದ ದಾರಿಯನ್ನು ನೋಡಿದಳು.

“ಚೆಲ್ಸೊ,” ಎಂದಳು, ಈಗ ದನಿಯಲ್ಲಿ ತಮಾಷೆ ಇರಲಿಲ್ಲ. “ಒಲಿಂದೊ ಆಟದ ಪುಟ ಕೊಡು ಅಂದ. ಅಲ್ವಾ?”

ಹೌದು ಎಂದರೆ ಮುಗಿಯುತ್ತಿತ್ತು. ಹೌದು ಎಂದು ಹತ್ತು ವರ್ಷದಿಂದ ಹೇಳಿ ಅಭ್ಯಾಸವಾಗಿತ್ತು.

“ಅನ್ನಲಿಲ್ಲ,” ಎಂದ. “ಅವನು ನನ್ನ ಹತ್ತಿರ ಬರಲೇ ಇಲ್ಲ. ಹಾಳೆ ಬೇರೆ ಯಾರೋ ತಗೊಂಡ್ರು, ಮಾತಾಡದೇ. ಆಮೇಲೆ ಅವನ ಗಾಲಿ ಟಿಕ್ ಅನ್ನೋದು ಕೇಳಿಸ್ತು. ಇಳೀತಿದ್ದಾನೆ ಅಂದ್ಕೊಂಡೆ. ಚಳಿ ಇತ್ತು. ನಾನು ಕೂಗ್ಲೇ ಇಲ್ಲ, ಎರ್ಮೆಲಿನಾ. ಒಂದು ಸಲಾನೂ.”

ಅವಳ ಬೆವರು ಆರುತ್ತಿತ್ತು. ಮೈಯಿಂದ ಏಳುತ್ತಿದ್ದ ಆವಿ ತೆಳ್ಳಗಾಗಿ ನಿಂತಿತು.

“ಆ ಮಾತನ್ನ ಅಂಗಡೀಲಿ ಎಷ್ಟು ಜನಕ್ಕೆ ಹೇಳಿದ್ದೀನಿ ನಾನು,” ಎಂದಳು ಕೊನೆಗೆ. “ನಗ್ತಾ ಹೋದ ಅಂತ.”

“ಗೊತ್ತು.”

“ಬಂದು ನೋಡಿರ್ತಾನೆ. ನೀವ್ಯಾರೂ ಇರಲ್ಲ. ಬರೀ ಈ ಕಲ್ಲು.” ಗಡಿಕಲ್ಲಿನ ಮೇಲೆ ಅಂಗೈ ಇಟ್ಟಳು. “ಅವನೂ ಕೂಗಿರ್ತಾನೆ. ಈ ಹಾಳು ಜಾಗದಲ್ಲಿ ಯಾರಿಗೆ ಕೇಳತ್ತೆ? ಆಮೇಲೆ ನಿಮ್ಮನ್ನ ಹಿಡಿಯೋಕೆ ಅಂತ ಜೋರಾಗಿ ಬಿಟ್ಟಿರ್ತಾನೆ.”

ಚೆಲ್ಸೊ ತಲೆ ತಗ್ಗಿಸಿದ. ಅವನು ನೂರು ಸಲ ಕಂಡಿದ್ದ ಚಿತ್ರ ಅದು. ಕಂಡಾಗಲೆಲ್ಲ ಹದಿನಾಲ್ಕನೆಯ ಹಾಳೆಯನ್ನು ಅದರ ಮುಂದೆ ಹಿಡಿದು ಮರೆಮಾಡಿಕೊಂಡಿದ್ದ.

“ಅವತ್ತಿಂದು ಈಗ ಕೂಗು,” ಎಂದಳು.

“ಏನು?”

“ಕೂಗು ಅಂದೆ.”

ಅವನು ಏರಿನ ಕಡೆ ತಿರುಗಿ ಕೂಗಿದ. ಒಂದು. ಎರಡು. ಮೂರನೆಯದಕ್ಕೆ ದನಿ ಒಡೆಯಿತು. ಮಾರ್ದನಿ ಬರಲಿಲ್ಲ. ಆದರೆ ಮಂಜಿನಲ್ಲಿ, ತೀರ ದೂರವಲ್ಲದ ಕಡೆ, ಕಾಗದ ಮಡಿಸುವಂಥ ಒಂದು ಸಣ್ಣ ಸರಪರ ಕೇಳಿಸಿತು. ಎರ್ಮೆಲಿನಾಳ ಕಡೆ ನೋಡಿದ. ಅವಳ ಎರಡೂ ಕೈ ಹ್ಯಾಂಡಲಿನ ಮೇಲಿದ್ದವು.

ಅವಳಿಗೂ ಕೇಳಿಸಿತ್ತು. ಆದರೆ ಹೆದರಿದವಳ ಹಾಗೆ ಕಾಣಲಿಲ್ಲ.

“ಈಗ ನೀನು ಇಳಿ,” ಎಂದಳು.

“ನಿನ್ನ ಮುಂದೆ ಬಿಟ್ಕೊಂಡು ಇಳೀತೀನಿ. ನೆತ್ತಿಯವನು ಕೊನೆಗೆ—”

“ಇವತ್ತು ನಾನು ಕೊನೆ. ಇಲ್ಲಿ ಹಿಂದೆ ಉಳಿಯೋದು ಹೆಂಗಿರತ್ತೆ ಅಂತ ನೋಡ್ಬೇಕು ನಂಗೆ.”

“ಎರ್ಮೆಲಿನಾ, ಬೇಡ. ಮಂಜು ಹೆಚ್ಚಾಗ್ತಿದೆ. ನಿನ್ನ ಬಿಟ್ಟು ಹೋಗೋಕೆ ನನ್ನಿಂದಾಗಲ್ಲ.”

“ಯಾಕಾಗಲ್ಲ? ಹೊಸದಲ್ವಲ್ಲ ನಿಂಗೆ.”

ಚೆಲ್ಸೊ ಇಳಿಜಾರಿನ ಕಡೆ ತಿರುಗಿದ. ಸೈಕಲ್ಲು ಹತ್ತಿದ. ಹೊರಳಿ ನೋಡಿದಾಗ ಅವಳು ಏರಿನ ಕಡೆಗೆ ಮುಖ ಮಾಡಿ ನಿಂತಿದ್ದಳು, ಯಾರನ್ನೋ ಕಾಯುವವಳಂತೆ. ಎರಡನೆಯ ಸಲ ಹೊರಳಿದಾಗ ಮಂಜು ಮಾತ್ರ ಇತ್ತು.

ಬ್ರೇಕು ಹಿಡಿದೇ ಇಳಿದ. ಮೊದಲ ತಿರುವು, ಎರಡನೆಯದು, ಮೂರನೆಯದು. ಬೆರಳು ಮರಗಟ್ಟಿದವು. ನಾಲ್ಕನೆಯ ತಿರುವಿನಲ್ಲಿ ಬಳಗದವರು ನೆಟ್ಟ ಕಬ್ಬಿಣದ ಶಿಲುಬೆಯ ಪಕ್ಕ ನಿಂತ. ಕೆಳಗೆ ಹೋಟೆಲಿನ ಒಲೆ ಉರಿಯುತ್ತಿರಬೇಕು; ಗೌದೆನ್ಸಿಯೊ ಹಾಳೆಗಳ ಅಂಕಿ ಕೂಗಿ ಹೇಳುತ್ತಾ, ಹನ್ನೊಂದಕ್ಕೆ ನಿಂತು ಬಾಗಿಲ ಕಡೆ ನೋಡುತ್ತಿರಬೇಕು.

ಕಾದ. ಎಷ್ಟೋ ಹೊತ್ತಿನ ಮೇಲೆ ಸದ್ದು ಬಂತು. ಟಿಕ್ ಟಿಕ್ ಟಿಕ್. ಒಂದು ಬಿಟ್ಟು, ಮತ್ತೆ ಟಿಕ್ ಟಿಕ್ ಟಿಕ್.

ಇಳಿಯುತ್ತಿದ್ದಾಳೆ ಎಂದು ಕಿವಿ ಹೇಳಿತು. ಅದನ್ನು ನಂಬಿ ಪೆಡಲಿನ ಮೇಲೆ ಕಾಲಿಡಲಿಲ್ಲ ಅವನು. ಮಂಜಿನಲ್ಲಿ ಆ ಸದ್ದು ಮೇಲಿನಿಂದಲೂ ಬರುತ್ತಿತ್ತು, ಶಿಲುಬೆಯ ಆಚೆಯ ಕಂದಕದಿಂದಲೂ ಬರುತ್ತಿತ್ತು. ಒಂದೇ ಗಾಲಿಯೋ ಎರಡೋ ಹೇಳುವುದು ಕಷ್ಟವಾಗಿತ್ತು.

ಚೆಲ್ಸೊ ಜಿಪ್ಪು ಬಿಚ್ಚಿ ತನ್ನ ಹಾಳೆಯನ್ನು ಹೊರಗೆ ತೆಗೆದ. ಅಂಕಿಯಿಲ್ಲದ ಹಾಳೆ, ಮೈಯ ಬಿಸಿಗೆ ಇನ್ನೂ ಬೆಚ್ಚಗಿತ್ತು. ಗಾಳಿ ನೇರವಾಗಿ ಎದೆಗೆ ಬಡಿಯಿತು. ದಾರಿಯ ನಡುವೆ ನಿಂತು, ಬರುವವರು ಯಾರೇ ಆಗಲಿ ಕೈಗೆ ಎಟುಕುವಂತೆ, ಅದನ್ನು ಚಾಚಿ ಹಿಡಿದ.